ಕೆಂಪು ಅಂಕಿಯ ಗಡಿಯಾರ

ಮೊನ್ನೆ ಮಧ್ಯಾಹ್ನ ನನ್ನ ಫೋನು ರೊಟ್ಟಿ ಹಂಚಿನ ಹಾಗೆ ಬಿಸಿಯಾಗಿ ಕೂತುಬಿಟ್ಟಿತು. ಒಂದು ಫೋಟೊ ತೆರೆ ಎಂದರೆ ಅರ್ಧ ತೆರೆದು ಯೋಚನೆ ಮಾಡುತ್ತದೆ. ಒಂದು ನಂಬರು ಒತ್ತಿದರೆ ನಾನು ನಾಲ್ಕು ಸಲ ಉಸಿರು ಬಿಟ್ಟ ಮೇಲೆ ತೋರಿಸುತ್ತದೆ. ಬೀದರಿನ ಬಿಸಿಲಿಗೆ ಮನುಷ್ಯರೇ ಮಧ್ಯಾಹ್ನ ಮಾತು ಮರೆಯುತ್ತಾರೆ, ಇದರದ್ದೇನು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಬಿಟ್ಟುಬಿಡುವುದು ನನ್ನ ಜಾಯಮಾನದಲ್ಲೇ ಇಲ್ಲ. ಮೊಮ್ಮಗಳು ಶ್ರೇಯಾಳನ್ನು ಕರೆದು, ಯಾರೋ ಇದರೊಳಗೆ ಕೈಯಾಡಿಸಿದ್ದಾರೆ ನೋಡು ಅಂದೆ. ಅವಳು ಇಲ್ಲೇ ಕಾಲೇಜಿನಲ್ಲಿ ಕಂಪ್ಯೂಟರು ಓದುತ್ತಾಳೆ. ಯಾರೂ ಕೈಯಾಡಿಸಿಲ್ಲ ಅಜ್ಜಿ ಎಂದು ಬಿಡಿಸಿ ಹೇಳಿದಳು. ಫೋನಿನ ಒಳಗೊಂದು ಗಡಿಯಾರ ಇರುತ್ತದಂತೆ. ಅದು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಮಿಡಿಯುತ್ತದಂತೆ. ಆ ಮಿಡಿತದ ಪ್ರಕಾರವೇ ಒಳಗಿನ ಕೆಲಸವೆಲ್ಲ ನಡೆಯುವುದಂತೆ. ಬಿಸಿಯಾದಾಗ, ಬ್ಯಾಟರಿ ಸೋತಾಗ, ಮಿಡಿತವನ್ನು ಅದು ತಾನೇ ಕಡಿಮೆ ಮಾಡಿಕೊಳ್ಳುತ್ತದಂತೆ.

ತಾನೇ ಕಡಿಮೆ ಮಾಡಿಕೊಳ್ಳುತ್ತದೆ ಅಂದರೇನು? ಯಾರನ್ನು ಕೇಳಿ? ನಾನು ಎದ್ದು ಹೋಗಿ ಫೋನಿನ ಸಮಯ, ಗೋಡೆ ಗಡಿಯಾರದ ಸಮಯ, ನನ್ನ ಕೈಗಡಿಯಾರದ ಸಮಯ ಮೂರನ್ನೂ ತಾಳೆ ನೋಡಿದೆ. ಮೂರೂ ಒಂದೇ ಇದ್ದವು. ಶ್ರೇಯಾ ನಕ್ಕು, ಅದು ಟೈಮು ತೋರಿಸುವ ಗಡಿಯಾರ ಅಲ್ಲ, ಬೇರೆ ಎಂದಳು. ಹಾಗಾದರೆ ಕಾಣುವ ಗಡಿಯಾರ ಒಂದು, ಕಾಣದ ಗಡಿಯಾರ ಇನ್ನೊಂದು, ಆ ಕಾಣದ್ದು ಯಾರಿಗೂ ಹೇಳದೆ ಕೇಳದೆ ನಿಧಾನ ಆಗುತ್ತದೆ ಅಂತಾಯಿತು. ಅವಳಿಗೆ ನಗು. ನನಗೆ ನಗು ಬರಲಿಲ್ಲ. ಇಂಥದ್ದೇ ಒಂದು ಗಡಿಯಾರದ ಸಹವಾಸದಲ್ಲಿ ನಾನು ಒಂದು ಕಾಲಕ್ಕೆ ಮಾಡಬಾರದ್ದನ್ನು ಮಾಡಿದ್ದೇನೆ. ಅದನ್ನು ನಿಮಗೆ ಹೇಳಬೇಕು.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಗುಮಾನಿಯ ಹೆಂಗಸು. ಬಸ್ಸಿನ ಬೋರ್ಡಿನ ಮೇಲೆ ಔರಾದ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಔರಾದಕ್ಕೆ ಹೋಗುತ್ತದೇನು ಎಂದು ಕಂಡಕ್ಟರನ್ನು ಕೇಳುತ್ತೇನೆ. ಅವನು ಹೌದು ಅಂದ ಮೇಲೆ ಒಳಗೆ ಕೂತವರನ್ನೂ ಒಂದು ಮಾತು ಕೇಳುತ್ತೇನೆ. ಮೂವತ್ತು ವರ್ಷ ಸಾಲಿಯಲ್ಲಿ ಮಾಸ್ತರಿಕೆ ಮಾಡಿದೆ. ಪರೀಕ್ಷೆಯ ದಿನ ಮಕ್ಕಳ ನಡುವೆ ನಡೆದು ಹೋಗುತ್ತ ಹೋಗುತ್ತ ಗಕ್ಕನೆ ಹಿಂದಕ್ಕೆ ತಿರುಗುತ್ತಿದ್ದೆ. ಅಷ್ಟೂ ವರ್ಷದಲ್ಲಿ ಸಿಕ್ಕಿಬಿದ್ದವರು ಒಬ್ಬಿಬ್ಬರೇ. ಉಳಿದವರು ಬಲು ಚಾಲಾಕು, ಅದಕ್ಕೇ ಸಿಗಲಿಲ್ಲ ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಇದು ನನಗೆ ಅವ್ವನ ಕಡೆಯಿಂದ ಬಂದದ್ದು. ನಮ್ಮದು ಭಾಲ್ಕಿ ಹತ್ತಿರದ ಭಾತಂಬ್ರಾ, ಕುರಿ ಸಾಕುವ ಮನೆ. ಅವ್ವ ಕುರಿಗಳನ್ನು ಬಾಯಿಂದ ಎಣಿಸುತ್ತಿರಲಿಲ್ಲ, ಸೆರಗಿನೊಳಗೆ ಬೆರಳು ಮಡಚಿ ಎಣಿಸುತ್ತಿದ್ದಳು. ಬಾಯಿಬಿಟ್ಟು ಎಣಿಸಿದರೆ ಕೇಳಿಸಿಕೊಂಡವರ ಕಣ್ಣು ಬೀಳುತ್ತದೆ ಎಂಬ ಲೆಕ್ಕ ಅವಳದು. ಅಣ್ಣನ ಕಾಗದ ಬಂದರೆ ಮೊದಲು ಲಕೋಟೆಯನ್ನು ಬೆಳಕಿಗೆ ಹಿಡಿದು ಅಂಟು ಪರೀಕ್ಷೆ ಮಾಡುವಳು. ನಡುವೆ ಯಾರೋ ಚಹಾದ ಹಬೆಗೆ ಹಿಡಿದು ಬಿಚ್ಚಿ, ಓದಿ, ತಿರುಗಿ ಅಂಟಿಸಿದ್ದಾರೆ ಎಂದು ಪ್ರತಿ ಸಲವೂ ಅವಳಿಗೆ ಖಾತ್ರಿಯಾಗುತ್ತಿತ್ತು. ನಮ್ಮ ಮನೆಯ ಕಾಗದವನ್ನು ಕದ್ದು ಓದಿ ಯಾರಿಗೆ ಏನು ಸಿಗಬೇಕೋ ದೇವರಿಗೇ ಗೊತ್ತು. ಅಣ್ಣ ಬರೆಯುತ್ತಿದ್ದದ್ದು ನಾಲ್ಕೇ ಸಾಲು, ಅದರಲ್ಲಿ ಎರಡು ನಮಸ್ಕಾರಕ್ಕೆ ಹೋಗುತ್ತಿದ್ದವು.

ಅಣ್ಣ ಆಗ ಪುಣೆಯಲ್ಲಿದ್ದ. ಒಂದರ ಹಿಂದೊಂದು ಮಳೆ ಕೈಕೊಟ್ಟ ವರ್ಷಗಳವು. ಹುಲ್ಲಿನ ಎಸಳಿಲ್ಲದೆ ಗುಡ್ಡವೆಲ್ಲ ಕೆಮ್ಮಣ್ಣಾಗಿ ಬಿದ್ದಿತ್ತು. ಅಪ್ಪ ಓಣಿಯ ಇನ್ನಿಬ್ಬರ ಜೊತೆ ಕುರಿ ಹೊಡೆದುಕೊಂಡು ಗೋದಾವರಿ ಕಡೆ ಹಸಿರು ಹುಡುಕಿಕೊಂಡು ಹೋದ, ಮಳೆ ಬಿದ್ದ ಸುದ್ದಿ ಸಿಕ್ಕ ಮೇಲೆ ತಿರುಗಿ ಬರುವುದೆಂದು. ಅಣ್ಣ ಕಟ್ಟಡದ ಕಬ್ಬಿಣ ಬಗ್ಗಿಸುವ ಕೆಲಸಕ್ಕೆ ಪುಣೆಗೆ ಹೋದ. ಊರಲ್ಲಿ ಗಂಡಸರ ಅರ್ಧ ಪಾಲು ಖಾಲಿ. ನಮ್ಮ ಮನೆಯಲ್ಲಿ ಉಳಿದದ್ದು ಅವ್ವ, ನಾನು, ಅಣ್ಣನ ಹೆಂಡತಿ ಕಮಳಾ ವೈನಿ, ವೈನಿಯ ಎರಡು ವರ್ಷದ ಮಗಳು ಸುಮ್ಮಿ. ವೈನಿ ಔರಾದ ಕಡೆಯ ಸಂತಪುರದವರು, ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವರು, ಮಾತು ಕಡಿಮೆ. ನಾನು ಭಾಲ್ಕಿಗೆ ಹೋಗಿ ಪಿಯುಸಿ ಮುಗಿಸಿ ಬಂದವಳು, ಮಾತು ಜಾಸ್ತಿ. ಮಾತು ಕಡಿಮೆ ಇರುವವರ ಹೊಟ್ಟೆಯಲ್ಲಿ ಏನೋ ಇರುತ್ತದೆ ಎಂದು ಅವ್ವ ನನಗೆ ಮೊದಲೇ ಕಲಿಸಿದ್ದಳು.

ಅಂಥ ಮನೆಗೆ ಅಣ್ಣ ದೀಪಾವಳಿಗೆ ಬಂದಾಗ ಒಂದು ಗಡಿಯಾರ ತಂದ. ಪುಣೆಯ ರಸ್ತೆ ಬದಿಯಲ್ಲಿ ಸಿಕ್ಕ ಫಾರಿನ್ ಮಾಲು. ಮುಳ್ಳಿಲ್ಲ, ಕೀಲಿ ಕೊಡುವ ಹಾಗಿಲ್ಲ, ಕರಿಯ ಗಾಜಿನೊಳಗೆ ಕೆಂಡದಂಥ ಕೆಂಪು ಅಂಕಿಗಳು. ಕರೆಂಟಿಗೆ ಹಚ್ಚಬೇಕು. ಕರೆಂಟು ಹೋದರೆ ಅಂಕಿ ಆರಿಹೋಗುತ್ತವೆ, ಆದರೆ ಹೊಟ್ಟೆಯೊಳಗೆ ಒಂದು ಚೌಕ ಬ್ಯಾಟರಿ ಇದೆ, ಅದರ ಬಲದಲ್ಲಿ ಕತ್ತಲಲ್ಲೂ ಎಣಿಸುತ್ತಿರುತ್ತದೆ, ಕರೆಂಟು ಬಂದಾಗ ಸರಿಯಾದ ಸಮಯವನ್ನೇ ತೋರಿಸುತ್ತದೆ ಎಂದು ಅಣ್ಣ ಹೇಳಿದ. ಜೊತೆಗೆ ಒಂದು ರೇಡಿಯೊ ಕೂಡ ಇತ್ತು. ಅದು ಮೊದಲ ತಿಂಗಳೇ ಬಾಯಿ ಮುಚ್ಚಿತು. ಓಣಿಯ ಮಂದಿ ಗಡಿಯಾರ ನೋಡಲು ಬಂದರು. ಎದುರು ಮನೆಯ ಮುದುಕಿಯೊಬ್ಬಳು ಅಂಕಿ ಹೇಗೆ ಬದಲಾಗುತ್ತದೆಂದು ನೋಡಿಯೇ ಬಿಡುತ್ತೇನೆ ಎಂದು ಅದರ ಮುಂದೆ ಕೂತಳು. ಎಷ್ಟು ಹೊತ್ತು ಕೂತರೂ ತಾನು ಕಣ್ಣು ಮಿಟುಕಿಸಿದಾಗಲೇ ಅದು ಬದಲಾಗುತ್ತದೆ, ಇದು ಕಳ್ಳ ಗಡಿಯಾರ ಎಂದು ಹೇಳಿ ಎದ್ದು ಹೋದಳು. ಆ ಮಾತಿಗೆ ನಾವೆಲ್ಲ ನಕ್ಕೆವು.

ಚಳಿಗಾಲ ಕಳೆದು ಬಿಸಿಲು ಏರುತ್ತ ಹೋದ ಹಾಗೆ ಕರೆಂಟು ನೆಟ್ಟಗೆ ಇರುವುದು ತಪ್ಪಿತು. ಡ್ಯಾಮುಗಳಲ್ಲಿ ನೀರಿಲ್ಲ, ನೀರಿಲ್ಲದೆ ಕರೆಂಟು ಎಲ್ಲಿಂದ ಬರಬೇಕು ಎಂದು ಜನ ಹೇಳುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಹೋದದ್ದು ನಸುಕಿಗೇ ಬರುವುದು. ಬಂದ ಕೂಡಲೇ ಊರ ಹೊರಗಿನ ನೀರಿನ ಪಂಪು ಶುರುವಾಗುವುದು. ಪಂಪಿನ ಸದ್ದು ಕೇಳಿದ್ದೇ ವೈನಿ ಎರಡು ಕೊಡ ಎತ್ತಿಕೊಂಡು ಸಾಲಿನಲ್ಲಿ ನಿಲ್ಲಲು ಓಡುವುದು. ಪಂಪು ದೂರ, ಸಾಲು ಉದ್ದ. ನಾನು ಓದಿದವಳೆಂಬ ಕಾರಣಕ್ಕೆ ನೀರಿನ ಕೆಲಸ ನನ್ನ ಪಾಲಿಗೆ ಬರುತ್ತಿರಲಿಲ್ಲ. ಇದು ನ್ಯಾಯವೇ ಎಂದು ನನಗೆ ಆಗ ಒಮ್ಮೆಯೂ ಅನಿಸಿರಲಿಲ್ಲ.

ಆ ದಿನಗಳಲ್ಲೇ ಗಡಿಯಾರದ ಆಟ ಶುರುವಾದದ್ದು. ಭಾಲ್ಕಿಗೆ ಹೋಗುವ ಮೊದಲ ಬಸ್ಸು ಬೆಳಿಗ್ಗೆ ಆರೂವರೆಗೆ. ಅದು ಊರು ಬಿಡುವಾಗ ಹಾರ್ನು ಹೊಡೆದರೆ ನಮ್ಮ ಮನೆಗೆ ಕೇಳುತ್ತದೆ. ಒಂದು ದಿನ ಹಾರ್ನು ಕೇಳಿ ನೋಡುತ್ತೇನೆ, ಗಡಿಯಾರದಲ್ಲಿ ಆರು ಗಂಟೆ ಎಂಟು ನಿಮಿಷ. ಅದೇ ದಿನ ಸಾಲಿಯ ಗಂಟೆಗೆ ನೋಡಿದರೆ ಸರಿಯಾಗಿದೆ. ಮರುದಿನ ಮತ್ತೆ ಬೆಳಿಗ್ಗೆ ತಪ್ಪು, ಆಮೇಲೆ ಸರಿ. ಕೆಟ್ಟ ಗಡಿಯಾರ ಆದರೆ ಯಾವಾಗಲೂ ಕೆಟ್ಟಿರಬೇಕು. ಇದು ಹೊತ್ತು ನೋಡಿ ಕೆಡುತ್ತದೆ, ಹೊತ್ತು ನೋಡಿ ನೆಟ್ಟಗಾಗುತ್ತದೆ ಅಂದರೆ ಇದರ ಹಿಂದೆ ಯಾರದೋ ಕೈ ಇದೆ ಎಂದು ನಾನು ತೀರ್ಮಾನ ಮಾಡಿದೆ. ಹಳೇ ನೋಟುಬುಕ್ಕಿನಲ್ಲಿ ದಿನವೂ ತಪ್ಪನ್ನು ಬರೆದಿಡತೊಡಗಿದೆ. ಯಾವ ರಾತ್ರಿ ಕರೆಂಟು ಹೋಗಿತ್ತು, ಯಾವ ರಾತ್ರಿ ಇತ್ತು ಎಂಬುದನ್ನು ಮಾತ್ರ ಬರೆಯಲಿಲ್ಲ. ಅದು ಬೇಕೆಂದು ತಲೆಗೇ ಹೊಳೆಯಲಿಲ್ಲ, ಯಾಕೆಂದರೆ ನಾನು ಹುಡುಕುತ್ತಿದ್ದದ್ದು ಮನುಷ್ಯರನ್ನು.

ಹುಡುಕಿದರೆ ಸಿಗದೆ ಇರುತ್ತಾರೆಯೇ? ಒಂದು ಬೆಳಿಗ್ಗೆ ವೈನಿ ನೀರು ತಂದು, ಕೊಡ ಇಳಿಸಿ, ಒದ್ದೆ ಸೆರಗನ್ನು ಹಿಂಡಿಕೊಳ್ಳದೆ ನೇರ ಗಡಿಯಾರದ ಬಳಿ ಹೋಗಿ ಗುಂಡಿ ಒತ್ತಿ ಹಿಡಿದರು. ಅಂಕಿಗಳು ಓಡಿದವು. ನಾನು ಕದದ ಮರೆಯಿಂದ ಎಣಿಸಿದೆ, ಇಪ್ಪತ್ತೆರಡು ನಿಮಿಷ ಮುಂದೆ ಹಾಕಿದ್ದರು. ಏನ್ರಿ ವೈನಿ ಎಂದು ಮುಂದೆ ಬಂದೆ. ಬೆಚ್ಚಿಬಿದ್ದರು. ಹಿಂದೆ ಬಿದ್ದಿತ್ತು, ಸರಿ ಮಾಡಿದೆ ಅಂದರು. ಹಿಂದೆ ಬಿದ್ದದ್ದು ನಿಮಗೆ ಹೇಗೆ ತಿಳಿಯಿತು ಎಂದೆ. ಅವರು ಸೀದಾ ಒಲೆಯ ಕಡೆ ನಡೆದರು.

ಅವ್ವನಿಗೆ ವರದಿ ಒಪ್ಪಿಸಿದೆ. ನಮ್ಮನ್ನು ಬೇಗ ಎಬ್ಬಿಸಿ ಕೆಲಸ ಮುಗಿಸಿ ತಾನು ಮಧ್ಯಾಹ್ನ ಮಲಗುವುದಕ್ಕೆ ಹೊತ್ತನ್ನು ಮುಂದೆ ಓಡಿಸುತ್ತಾಳೆ ಎಂದು ಅವ್ವನ ತೀರ್ಪು. ಅಣ್ಣ ಬರುವ ದಿನ ಜಲ್ದಿ ಬರಲೆಂದು ಓಡಿಸುತ್ತಿರಬೇಕು ಎಂದು ನನ್ನ ಕುಚೋದ್ಯ. ಇಬ್ಬರೂ ನಕ್ಕೆವು. ವೈನಿಗೆ ಕೇಳಿಸುವಷ್ಟು ಜೋರಾಗಿಯೇ ನಕ್ಕೆವು ಎಂಬುದು ಈಗ ನೆನೆದರೆ ನಾಚಿಕೆಯಾಗುತ್ತದೆ. ಆಮೇಲೆ ನಾನು ಹೋಗಿ ಆ ಇಪ್ಪತ್ತೆರಡು ನಿಮಿಷವನ್ನು ಹಿಂದೆ ಹಾಕಿದೆ. ಆ ಗಡಿಯಾರಕ್ಕೆ ಹಿಂದೆ ಹೋಗುವುದು ಗೊತ್ತಿರಲಿಲ್ಲ, ಗುಂಡಿ ಒತ್ತಿದರೆ ಮುಂದೆ ಮಾತ್ರ. ಇಪ್ಪತ್ತೆರಡು ನಿಮಿಷ ಹಿಂದೆ ತರಲು ಇಡೀ ಒಂದು ಹಗಲು ಒಂದು ರಾತ್ರಿಯನ್ನು ಸುತ್ತಿ ತಂದೆ. ಬೆರಳು ಸೋತು ಬಂತು. ಅಂದು ಸಾಲಿಯ ಗಂಟೆ ಹೊಡೆದಾಗ ನೋಡಿದರೆ ಗಡಿಯಾರ ಇಪ್ಪತ್ತೆರಡು ನಿಮಿಷ ಹಿಂದೆ ಇತ್ತು. ನಾನೇ ಹಾಕಿದ್ದು. ಆದರೂ ವೈನಿ ಮತ್ತೆ ಕೈಯಾಡಿಸಿದ್ದಾರೆ ಎಂದೇ ನೋಟುಬುಕ್ಕಿನಲ್ಲಿ ಬರೆದೆ.

ಹೀಗಿರುವಾಗ ನನಗೆ ಶಿಕ್ಷಕರ ತರಬೇತಿಯ ಸಂದರ್ಶನಕ್ಕೆ ಬೀದರದಿಂದ ಕಾಗದ ಬಂತು. ಬೆಳಿಗ್ಗೆ ಹತ್ತಕ್ಕೆ ಹಾಜರಿರಬೇಕು. ಆರೂವರೆಯ ಬಸ್ಸು ಹಿಡಿದರೆ ಭಾಲ್ಕಿ, ಅಲ್ಲಿಂದ ಬೀದರ. ಆ ಬಸ್ಸು ತಪ್ಪಿದರೆ ಮುಂದಿನದು ಹನ್ನೊಂದಕ್ಕೆ, ಅಂದರೆ ಸೀಟು ಹೋದ ಹಾಗೆಯೇ. ನಮ್ಮ ಓಣಿಯಿಂದ ಹೊರಗೆ ಹೋಗಿ ನೌಕರಿ ಮಾಡಿದ ಹೆಣ್ಣುಮಗಳು ಅಲ್ಲಿಯವರೆಗೆ ಒಬ್ಬಳೂ ಇರಲಿಲ್ಲ. ನನಗೆ ಅದೊಂದೇ ಬಾಗಿಲು ಕಾಣುತ್ತಿತ್ತು.

ಹಿಂದಿನ ಸಂಜೆ ಗಡಿಯಾರಕ್ಕೆ ಬಂದೋಬಸ್ತು ಮಾಡಿದೆ. ಸಾಲಿಯ ಐದು ಗಂಟೆಯ ಬೆಲ್ಲು ಹೊಡೆಯುವವರೆಗೆ ಬೆರಳು ಗುಂಡಿಯ ಮೇಲಿಟ್ಟು ಕಾದು, ಹೊಡೆದ ಕ್ಷಣಕ್ಕೆ ಸರಿ ಮಾಡಿದೆ. ಜೋಳದ ಹಿಟ್ಟಿನ ಅಂಟು ಕಾಯಿಸಿ, ಕಾಗದದ ಪಟ್ಟಿ ಕತ್ತರಿಸಿ, ಗುಂಡಿಗಳ ಮೇಲೆ ಅಡ್ಡಕ್ಕೆ ಹಚ್ಚಿದೆ. ಪರೀಕ್ಷೆಯ ಉತ್ತರಪತ್ರಿಕೆಯ ಕಟ್ಟಿಗೆ ಸೀಲು ಮಾಡುವುದನ್ನು ಭಾಲ್ಕಿಯ ಕಾಲೇಜಿನಲ್ಲಿ ನೋಡಿದ್ದೆ. ಅದೇ ಪ್ರಕಾರ ಪಟ್ಟಿಯ ಮೇಲೆ ಅರ್ಧ, ಗಡಿಯಾರದ ಮೈಮೇಲೆ ಅರ್ಧ ಬರುವ ಹಾಗೆ ಶಾಂತಾ ಎಂದು ಸಹಿ ಮಾಡಿದೆ. ವೈನಿ ಸುಮ್ಮಿಯನ್ನು ಸೊಂಟದ ಮೇಲಿಟ್ಟುಕೊಂಡು ನೋಡುತ್ತ ನಿಂತಿದ್ದರು. ಧೂಳು ಹೋಗಬಾರದಂತ ಹಚ್ಚಿದೆ ಅಂದೆ. ಅವರು ಪಟ್ಟಿ ನೋಡಿದರು, ಸಹಿ ನೋಡಿದರು, ನನ್ನ ಮುಖ ನೋಡಿದರು. ಎಂದಿನಂತೆ ದೀಪದ ಹೊತ್ತಿಗೆ ಕರೆಂಟು ಹೋಯಿತು, ಅಂಕಿಗಳು ಆರಿದವು.

ನಸುಕಿಗೆ ಎದ್ದಾಗ ಕರೆಂಟು ಬಂದಿತ್ತು, ವೈನಿ ಪಂಪಿಗೆ ಹೋಗಿ ಆಗಿತ್ತು. ಅಂಕಿಗಳು ಇನ್ನೂ ಐದು ಆಗಿಲ್ಲ ಎನ್ನುತ್ತಿದ್ದವು. ನಿಧಾನಕ್ಕೆ ಅರ್ಧ ಕೊಡದಲ್ಲಿ ಸ್ನಾನ ಮುಗಿಸಿದೆ, ಜಡೆ ಹಾಕಿಕೊಂಡೆ, ಸರ್ಟಿಫಿಕೇಟುಗಳನ್ನು ಮೂರು ಸಲ ನೋಡಿಕೊಂಡೆ. ಅಂಗಳದಿಂದ ಅವ್ವ ಹೊತ್ತು ಏರಿದೆಯಲ್ಲೇ ಅಂದಳು. ಗಡಿಯಾರ ನೋಡಲು ಬರದವರು ಸೂರ್ಯನನ್ನು ನೋಡುತ್ತಾರೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಚಹಾ ಲೋಟ ಕೈಗೆ ತೆಗೆದುಕೊಂಡಿದ್ದೆ. ವೈನಿ ಬಾಗಿಲಲ್ಲಿ ಬಂದು ನಿಂತರು, ತಲೆಯ ಮೇಲಿನ ಕೊಡ ಇಳಿಸಿರಲಿಲ್ಲ, ಏದುಸಿರು.

"ಶಾಂತಾ, ಬಸ್ಸಿನ ಹೊತ್ತಾಗ್ಯದ. ಚಾ ಬಿಡು, ನಡಿ ಜಲ್ದಿ."

ನಾನು ಗಡಿಯಾರದ ಕಡೆ ನೋಡಿದೆ. ಐದು ನಲವತ್ತು. ಪಟ್ಟಿ ಹಚ್ಚಿದ ಹಾಗೇ ಇದೆ. ಗಡಿಯಾರ ಇದೆಯಲ್ಲರಿ ವೈನಿ, ನನಗೂ ಕಣ್ಣಿವೆ ಅಂದೆ. ಹೊಟ್ಟೆಗೆ ಏನೂ ಇಲ್ಲದೆ, ಅವಸರದಲ್ಲಿ ಕಾಗದಪತ್ರ ಮರೆತು ಓಡಲಿ ಎಂಬ ಹುನ್ನಾರ ಇದು ಎಂದು ನನಗೆ ಸ್ಪಷ್ಟವಾಗಿ ಕಂಡಿತು. ವೈನಿ ಗುಂಡಿಯ ಮೇಲಿನ ಪಟ್ಟಿ ನೋಡಿದರು, ಕೊಡ ಇಳಿಸಲು ಒಳಗೆ ಹೋದರು. ನಾನು ಚಹಾ ಕುಡಿದೆ. ಹಟಕ್ಕೆ ಬಿದ್ದು ಇನ್ನರ್ಧ ಲೋಟ ಹಾಕಿಸಿಕೊಂಡೆ. ಗಡಿಯಾರದಲ್ಲಿ ಆರು ದಾಟಿದ ಮೇಲೆ ಹೊರಟೆ.

ಬಸ್ ಸ್ಟ್ಯಾಂಡಿನಲ್ಲಿ ನೊಣ ಬಿಟ್ಟರೆ ಯಾರೂ ಇರಲಿಲ್ಲ. ಬಸ್ಸು ಹೋಗಿ ಕಾಲು ತಾಸಾಯಿತು ಎಂದು ಚಹಾದ ಹೋಟೆಲಿನವರು ಹೇಳಿದರು. ಅವರನ್ನೂ ನಾನು ನಂಬಲಿಲ್ಲ. ರಸ್ತೆಗೆ ಇಳಿದು ಕಾದೆ. ಬರಗಾಲದ ಊರಿನ ರಸ್ತೆ, ಒಂದು ಗಾಡಿ ಬರಲಿಲ್ಲ. ಬಿಸಿಲು ನೆತ್ತಿಗೆ ಬರುವವರೆಗೆ ನಿಂತು, ಇನ್ನು ಹೋಗಿ ಫಲವಿಲ್ಲ ಎಂದು ಗೊತ್ತಾದ ಮೇಲೆ ಅಳುತ್ತ ಮನೆಗೆ ಬಂದೆ.

ಮನೆಗೆ ಬಂದವಳು ಮೊದಲು ನೋಡಿದ್ದು ಪಟ್ಟಿಯನ್ನು. ಪಟ್ಟಿ ಹರಿದಿರಲಿಲ್ಲ. ಸಹಿಯ ಅರ್ಧಕ್ಕೆ ಅರ್ಧ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ, ಹಾಗಾದರೆ ಯಾರೂ ಮುಟ್ಟಿಲ್ಲ ಎಂದು ತಿಳಿದುಕೊಳ್ಳುತ್ತಿದ್ದರು. ನಾನು ಮಾತ್ರ, ವೈನಿ ಹಬೆಗೆ ಹಿಡಿದು ಬಿಚ್ಚಿ ತಿರುಗಿ ಅಂಟಿಸಿದ್ದಾರೆ ಎಂದು ತಿಳಿದುಕೊಂಡೆ. ಅದೂ ಹೋಗಲಿ, ಇನ್ನೊಂದು ಪುರಾವೆ ನನ್ನ ಹತ್ತಿರ ಇತ್ತು. ಹೊತ್ತಾಗಿದೆ ಎಂದು ವೈನಿಗೆ ಹೇಗೆ ತಿಳಿಯಿತು? ಮನೆಯಲ್ಲಿ ಇದ್ದದ್ದು ಒಂದೇ ಗಡಿಯಾರ. ಅದು ತಪ್ಪಾಗಿದೆ ಎಂದು ಗೊತ್ತಿರುವುದು ತಪ್ಪು ಮಾಡಿದವರಿಗೆ ಮಾತ್ರ. ನನ್ನ ಅಳು ಕೇಳಿ ಓಣಿಯ ಏಳೆಂಟು ಹೆಂಗಸರು ಬಂದು ನಿಂತಿದ್ದರು. ಅವರೆಲ್ಲರ ಎದುರು ನಾನು ಇದನ್ನು ವಕೀಲರ ಹಾಗೆ ಬಿಡಿಸಿ ಬಿಡಿಸಿ ಹೇಳಿದೆ. ಅಲ್ಲಿಯವರೆಗೆ ವೈನಿಯನ್ನು ನೀವು ಎನ್ನುತ್ತಿದ್ದವಳು ಅಂದು ಮೊದಲ ಸಲ ನೀನು ಅಂದೆ.

"ನೀ ಸಾಲಿ ಕಲೀಲಿಲ್ಲ, ಅದಕ್ಕ ನಾನೂ ಕಲೀಬಾರದು ಅಂತ ಮಾಡಿದಿ. ಹೊತ್ತಾದದ್ದು ನಿನಗ ಹ್ಯಾಂಗ ಗೊತ್ತಾತು, ಹೇಳು."

ಎಲ್ಲರೂ ವೈನಿಯ ಕಡೆ ನೋಡಿದರು. ಅವರು ಸುಮ್ಮಿಗೆ ರೊಟ್ಟಿ ಮುರಿದು ತಿನ್ನಿಸುತ್ತಿದ್ದರು. ಕೈ ನಿಂತಿತು. ಏನೋ ಹೇಳಲು ಹೊರಟರು, ಓಣಿಯ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿದರು, ತಲೆ ತಗ್ಗಿಸಿದರು. ನಾ ಮುಟ್ಟಿಲ್ಲ ಎಂದು ಮಾತ್ರ ಅಂದರು. ಮುಟ್ಟದವಳಿಗೆ ಹೊತ್ತು ಹೇಗೆ ಗೊತ್ತಾಯಿತೆಂದು ಈಗ ಅವ್ವನೂ ಕೇಳಿದಳು, ಎದುರು ಮನೆಯ ಮುದುಕಿಯೂ ಕೇಳಿದಳು. ಅದಕ್ಕೆ ವೈನಿ ಕಡೆಯವರೆಗೂ ಉತ್ತರ ಕೊಡಲಿಲ್ಲ.

ಅಣ್ಣನಿಗೆ ವೈನಿ ಯಾರ ಕೈಕಾಲು ಹಿಡಿದು ಕಾಗದ ಬರೆಸಿದರೋ ಗೊತ್ತಿಲ್ಲ, ಹದಿನೈದು ದಿನಕ್ಕೆ ಬಂದ. ಹೆಂಡತಿ ಮಗಳನ್ನು ಕರೆದುಕೊಂಡು ಪುಣೆಗೆ ಹೋದ. ತಗಡಿನ ಜೋಪಡಿಯಲ್ಲಿ ಇರುತ್ತಾರಂತೆ, ವೈನಿಯೂ ಇಟ್ಟಿಗೆ ಹೊರಲು ಹೋಗುತ್ತಾರಂತೆ ಎಂದು ಆಮೇಲೆ ಸುದ್ದಿ ಬಂತು. ಹೋಗುವ ದಿನ ಅವ್ವನ ಕಾಲಿಗೆ ನಮಸ್ಕಾರ ಮಾಡಿದರು. ನನ್ನ ಕಡೆ ನೋಡಲಿಲ್ಲ. ತಪ್ಪು ಮಾಡಿದವರು ಕಣ್ಣಿಗೆ ಕಣ್ಣು ಕೊಡುವುದಿಲ್ಲ ಎಂದು ಅದನ್ನೂ ಪುರಾವೆಗೆ ಸೇರಿಸಿಕೊಂಡೆ. ಮರುದಿನದಿಂದ ನೀರಿನ ಕೊಡ ನನ್ನ ತಲೆಗೆ ಬಂತು.

ಮುಂದಿನ ವರ್ಷ ನನಗೆ ಸೀಟು ಸಿಕ್ಕಿತು, ನೌಕರಿಯೂ ಆಯಿತು. ಬೀದರ ಜಿಲ್ಲೆಯ ಆ ತುದಿಯಿಂದ ಈ ತುದಿಗೆ ವರ್ಗವಾಗುತ್ತ ಕಡೆಗೆ ಔರಾದಕ್ಕೆ ಬಂದೆ. ಅಣ್ಣನೂ ವೈನಿಯೂ ಹನ್ನೆರಡು ವರ್ಷ ಪುಣೆಯಲ್ಲಿ ದುಡಿದು, ವೈನಿಯ ತವರಾದ ಸಂತಪುರಕ್ಕೆ ಬಂದು ಮನೆ ಮಾಡಿದರು. ಔರಾದದಿಂದ ಸಂತಪುರ ಬಸ್ಸಿನಲ್ಲಿ ಎಷ್ಟು ಹೊತ್ತು? ಆದರೂ ನಾನು ಹೋಗಲಿಲ್ಲ. ಮದುವೆ ಮುಂಜಿಗಳಲ್ಲಿ ಎದುರಾದರೆ ಬಿಸಿಲು ಬಹಳ ಎಂದು ಇಬ್ಬರೂ ಅನ್ನುವುದು, ಅತ್ತಿತ್ತ ಸರಿಯುವುದು.

ಒಂದು ವರ್ಷ ಭಾತಂಬ್ರಾದ ಮನೆಗೆ ಸುಣ್ಣ ಬಳಿಸುವಾಗ ಅಟ್ಟದ ಮೇಲೆ ಆ ಗಡಿಯಾರ ಸಿಕ್ಕಿತು. ಪಟ್ಟಿ ಉದುರಿತ್ತು, ಸಹಿಯ ಅರ್ಧ ಉಳಿದಿತ್ತು. ರಿಪೇರಿ ಆಗುತ್ತದೇನೋ ಎಂದು ಬೀದರಿನ ಹಳೇ ಊರಿನ ಓಣಿಯಲ್ಲಿದ್ದ ರೇಡಿಯೊ ರಿಪೇರಿಯ ಉಸ್ತಾದರ ಹತ್ತಿರ ಒಯ್ದೆ. ಬಿಳಿ ಗಡ್ಡದ ಸಾವಕಾಶದ ಮನುಷ್ಯರು. ಒಂದು ತಂತಿ ಬೆಸೆದು, ಹೊಸ ಬ್ಯಾಟರಿ ಹಾಕಿ, ಕರೆಂಟಿಗೆ ಹಚ್ಚಿದರು. ಅಂಕಿಗಳು ಹೊತ್ತಿಕೊಂಡವು. ಇದು ಸರಿಯಾದ ಸಮಯ ತೋರಿಸುತ್ತದೆ ಎಂದು ಬರೆದು ಕೊಡುತ್ತೀರಾ ಎಂದು ಕೇಳಿದೆ. ಅವರು ನಕ್ಕರು.

"ಮೇಡಂ, ಇದಕ್ಕ ತನ್ನದೇ ಆದ ಟೈಮ್ ಅಂತ ಇಲ್ರಿ. ಕರೆಂಟ್ ಒಂದ್ ಸೆಕೆಂಡಿಗೆ ಐವತ್ತ್ ಸಲ ಮಿಡೀತದ, ಅದನ್ನ ಎಣಿಸಿ ಟೈಮ್ ಹೇಳ್ತದ. ಕರೆಂಟ್ ಹೋತು ಅಂದ್ರ ಬ್ಯಾಟರಿ ಮ್ಯಾಲ ತಾನೇ ಅಂದಾಜಿನಾಗ ಎಣಿಸ್ತದ್ರಿ. ಆ ಅಂದಾಜ್ ಕಚ್ಚಾ. ಬ್ಯಾಟರಿ ಸೋತ್ರ ಇನ್ನೂ ಸಾವಕಾಶ."

ನಾನು ನಂಬುವವಳೇ? ತೋರಿಸಿ ಅಂದೆ. ಹಳೆಯ ಬ್ಯಾಟರಿಯೊಂದನ್ನು ಹಾಕಿ, ಕರೆಂಟು ಕಿತ್ತು, ಅಂಕಿ ಆರಿದ ಗಡಿಯಾರವನ್ನು ನನ್ನ ಮುಂದೆಯೇ ಇಟ್ಟರು. ಒಂದು ತಾಸು ನಾನು ಅದರ ಮೇಲಿನ ಕಣ್ಣು ತೆಗೆಯಲಿಲ್ಲ. ಉಸ್ತಾದರು ಕೆಮ್ಮಿದರೂ ಅವರ ಕೈ ನೋಡುತ್ತಿದ್ದೆ. ತಾಸಿನ ಮೇಲೆ ತಿರುಗಿ ಹಚ್ಚಿದಾಗ ಗಡಿಯಾರ ನನ್ನ ಕೈಗಡಿಯಾರಕ್ಕಿಂತ ನಾಲ್ಕು ನಿಮಿಷ ಹಿಂದೆ ಇತ್ತು. ಯಾರೂ ಮುಟ್ಟಿರಲಿಲ್ಲ. ತಾಸಿಗೆ ನಾಲ್ಕು ನಿಮಿಷ. ದೀಪದ ಹೊತ್ತಿನಿಂದ ನಸುಕಿನವರೆಗೆ ಎಷ್ಟಾಯಿತು ಎಂದು ಬೆರಳು ಮಡಚಿ ಲೆಕ್ಕ ಹಾಕಿದೆ, ಹತ್ತಿರ ಹತ್ತಿರ ನಲವತ್ತು ನಿಮಿಷ ಬಂತು. ಉಸ್ತಾದರು ನೀರು ತರಿಸಿ ಕೊಟ್ಟರು.

ಅಲ್ಲಿಂದ ನೇರ ಔರಾದ ಬಸ್ಸು ಹತ್ತಿದೆ. ಅಂದು ಯಾರನ್ನೂ ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳಲಿಲ್ಲ. ಸಂತಪುರದಲ್ಲಿ ಇಳಿದೆ. ವೈನಿ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಚಪ್ಪಲಿ ಕಳಚಿ ಅವರ ಎದುರು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಕರೆಂಟಿನ ಎಣಿಕೆ, ಬ್ಯಾಟರಿಯ ಎಣಿಕೆ, ತಾಸಿಗೆ ನಾಲ್ಕು ನಿಮಿಷ. ತಪ್ಪಾಯಿತು ವೈನಿ ಎಂದು ಕೈ ಹಿಡಿದುಕೊಂಡೆ. ಹಾಗೇ ಅತ್ತುಬಿಟ್ಟೆ. ಅವರು ಅಳಲಿಲ್ಲ. ಕೈ ಬಿಡಿಸಿಕೊಳ್ಳಲೂ ಇಲ್ಲ.

"ನನಗ ಗೊತ್ತಿತ್ತು" ಅಂದರು. "ಕರೆಂಟ್ ಹೋದ ದಿನ ಹಿಂದ ಬೀಳ್ತಿತ್ತು, ಇದ್ದ ದಿನ ಬರೋಬರ ಇರ್ತಿತ್ತು. ಅದಕ್ಕ ದಿನಾ ಮುಂಜಾನೆ ಸರಿ ಮಾಡ್ತಿದ್ದೆ."

ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವರು ನಾಲ್ಕು ದಿನದಲ್ಲಿ ಕಂಡುಕೊಂಡದ್ದನ್ನು ನಾನು ನೋಟುಬುಕ್ಕು ಇಟ್ಟುಕೊಂಡು ಕಾಣಲಿಲ್ಲ. ನಾನು ಪಟ್ಟಿ ಹಚ್ಚದೇ ಇದ್ದಿದ್ದರೆ ಅವರು ಆ ಬೆಳಿಗ್ಗೆಯೂ ಸರಿ ಮಾಡುತ್ತಿದ್ದರು, ನನಗೆ ಬಸ್ಸು ಸಿಗುತ್ತಿತ್ತು. ಸರಿ ಮಾಡಲು ಸರಿಯಾದ ಹೊತ್ತು ನಿಮಗೆ ಎಲ್ಲಿಂದ ಸಿಗುತ್ತಿತ್ತು ಎಂದು ಕೇಳಿದೆ. ಹದಿನೇಳು ವರ್ಷದ ಹಿಂದೆ ಓಣಿಯ ಎದುರು ಕೇಳಿದ ಅದೇ ಪ್ರಶ್ನೆ. ಈ ಸಲ ಉತ್ತರ ಬಂತು.

ಪಂಪು ನಡೆಸುವವನ ಕೈಯಲ್ಲಿ ಗಡಿಯಾರ ಇತ್ತಂತೆ. ಪಂಪು ಶುರು ಮಾಡಿದ ಹೊತ್ತು, ನಿಲ್ಲಿಸಿದ ಹೊತ್ತು ಅವನು ಬರೆದಿಡಬೇಕಿತ್ತಂತೆ. ಕೊಡ ತುಂಬಿದ ಮೇಲೆ ವೈನಿ ಅವನನ್ನು ಟೈಮು ಕೇಳಿಕೊಂಡು, ಮರೆಯದ ಹಾಗೆ ಅದನ್ನೇ ಬಾಯಲ್ಲಿ ಅನ್ನುತ್ತ, ದಾರಿಯ ಹೊತ್ತನ್ನು ಅದಕ್ಕೆ ಕೂಡಿಸಿಕೊಳ್ಳುತ್ತ ಮನೆಗೆ ಬರುತ್ತಿದ್ದರಂತೆ. ಅದೇ ಪಂಪಿನ ಎದುರು ಆಮೇಲೆ ಒಂದು ವರ್ಷ ನಾನೂ ಕೊಡ ಹಿಡಿದು ನಿಂತಿದ್ದೆ. ಅವನ ಕೈಯ ಗಡಿಯಾರ ಎಷ್ಟೋ ಸಲ ಕಂಡಿದ್ದೆ.

"ಅವತ್ತ ಅಷ್ಟ ಮಂದಿ ಮುಂದ ಕೇಳಿದಾಗ ಇದನ್ನ ಯಾಕ ಹೇಳ್ಲಿಲ್ರಿ ವೈನಿ? ಒಂದು ಮಾತಿನಾಗ ಮುಗೀತಿತ್ತಲ್ರಿ."

ವೈನಿ ಜೋಳದೊಳಗಿನ ಕಲ್ಲೊಂದನ್ನು ಹೆಕ್ಕಿ ಬದಿಗಿಟ್ಟರು.

"ಏನಂತ ಹೇಳ್ಲಿ? ಗಂಡ ಪುಣೆದಾಗ. ನಾ ದಿನಾ ನಸುಕಿನಾಗ ಪಂಪಿನವನ ಜೋಡಿ ಮಾತಾಡ್ತೇನಿ ಅಂತ ಓಣಿ ಮಂದಿ ಮುಂದ ಹೇಳ್ಲೇನು? ಗಡಿಯಾರ ಕೆಡಿಸಿದಾಕಿ ಅಂತ ಅನಿಸ್ಕೊಂಡ್ರ ಹ್ಯಾಂಗರ ಬದುಕಬಹುದು ಶಾಂತಾ."

ನಾವು ಹಾಗೆಲ್ಲ ತಿಳಿದುಕೊಳ್ಳುತ್ತಿದ್ದೆವೇ, ಬೇರೆಯವರು ಅಂದುಕೊಂಡರೂ ನಾನಂತೂ ನಿಮ್ಮ ಮೇಲೆ ಅಂಥ ಗುಮಾನಿ ಎಂದಿಗೂ ಪಡುತ್ತಿರಲಿಲ್ಲ ಎಂದು ಹೇಳಿದೆ. ಮನಸ್ಸಿನಿಂದಲೇ ಹೇಳಿದೆ. ಹೇಳಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಹಾಗೆಯೇ ನನ್ನ ಬಾಯಿ ತಾನಾಗಿ ಕೇಳಿಬಿಟ್ಟಿತು.

"ದಿನಾ ಅವನನ್ನೇ ಕೇಳ್ತಿದ್ರೇನ್ರಿ?"

ವೈನಿ ಮೊರವನ್ನು ಕೆಳಗಿಟ್ಟರು.

"ನೋಡು" ಅಂದರು, "ಇದಕ್ಕೇ ನಾ ಅವತ್ತ ಹೇಳ್ಲಿಲ್ಲ."